ಮಕ್ಕಳ ಕೈಗೆ ಒಂದೊಂದು ಚಿಕ್ಕ ವೈಟ್‌ಬೋರ್ಡು: ಒಂದು ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ಮೊದ್ಲೇ ಹೇಳ್ಬಿಡ್ತೀನಿ, ಬೋರ್ಡು ತಗೊಳ್ಳಿ, ಆದ್ರೆ ಅದ್ರ ಜೊತೆ ಬರೋ ಪೆನ್ನು ನಂಬ್ಕೊಂಡು ತಗೋಬೇಡಿ. ನಾನು ಆರು ಮತ್ತೆ ಏಳನೇ ಕ್ಲಾಸಿಗೆ ಗಣಿತ, ವಿಜ್ಞಾನ ಮಾಡೋಳು, ಈ ಸೆಟ್ ತಗೊಂಡು ಪೂರ್ತಿ ಒಂದು ವರ್ಷ ಆಯ್ತು, ದಿನಾ ಕಮ್ಮಿ ಅಂದ್ರೂ ಎರಡು ಪೀರಿಯಡ್ ಉಪಯೋಗಿಸಿದೀನಿ. ಅದಕ್ಕೇ ಬರೀತಿದೀನಿ, ಬಾಕ್ಸ್ ಬಿಚ್ಚಿದ ದಿನದ ಖುಷಿಯಲ್ಲಿ ಬರ್ದಿದ್ದಲ್ಲ ಇದು.

ಸೆಟ್‌ನಲ್ಲಿ ಬರೋದು 30 ಬೋರ್ಡು, ಎ4 ಸೈಜು, ಒಂದು ಕಡೆ ಖಾಲಿ ಬಿಳಿ, ಹಿಂದುಗಡೆ ಒಂದೊಂದು ಸೆಂಟಿಮೀಟರಿನ ಚೌಕಳಿ. ಜೊತೆಗೆ 30 ಮಾರ್ಕರ್, 30 ಪುಟ್ಟ ಸ್ಪಂಜು, ಎಲ್ಲಾ ಹಾಕಿಡೋಕೆ ಒಂದು ಪ್ಲಾಸ್ಟಿಕ್ ಡಬ್ಬಿ. ಬೋರ್ಡಿನ ಮೂಲೆಗಳು ದುಂಡಗಿವೆ, ಇದು ಸಣ್ಣ ವಿಷ್ಯ ಅನ್ಸಬಹುದು, ಆದ್ರೆ 38 ಮಕ್ಕಳು ಒಟ್ಟಿಗೆ ಬೋರ್ಡು ಮೇಲೆತ್ತೋ ಜಾಗದಲ್ಲಿ ಚೂಪು ಮೂಲೆ ಇದ್ರೆ ಏನಾಗುತ್ತೆ ಅಂತ ಟೀಚರುಗಳಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ತೂಕ ಕಮ್ಮಿ, ಬಿದ್ರೆ ಒಡೆಯಲ್ಲ. ಎಷ್ಟು ಸಲ ಬಿದ್ದಿದೆಯೋ ಲೆಕ್ಕ ಇಟ್ಟಿಲ್ಲ, ಒಂದೇ ಒಂದರ ಅಂಚು ಕಿತ್ತು ಬಂದಿದೆ ಅಷ್ಟೇ.

ನಾನು ಇದನ್ನ ತರಿಸಿದ್ದು ಒಂದು ಸಂಕಟಕ್ಕೆ. ಕ್ಲಾಸಲ್ಲಿ ಪ್ರಶ್ನೆ ಕೇಳಿದ್ರೆ ಕೈ ಎತ್ತೋರು ಯಾವಾಗ್ಲೂ ಅದೇ ಐದಾರು ಜನ. ಅವರು ಸರಿಯಾಗಿ ಹೇಳಿದ ತಕ್ಷಣ ನಾನು "ಎಲ್ರಿಗೂ ಅರ್ಥ ಆಯ್ತಾ" ಅಂತೀನಿ, ಎಲ್ರೂ "ಆಯ್ತು ಮಿಸ್" ಅಂತ ರಾಗ ಎಳೀತಾರೆ, ನಾನು ಮುಂದಿನ ಪಾಠಕ್ಕೆ ಹೋಗ್ತೀನಿ, ಆಮೇಲೆ ಟೆಸ್ಟ್ ಪೇಪರ್ ತಿದ್ದೋಕೆ ಕೂತಾಗ ಎದೆ ಧಸಕ್ ಅನ್ನುತ್ತೆ, ಅರ್ಧ ಕ್ಲಾಸಿಗೆ ಏನೂ ತಲೆಗೆ ಹೋಗಿಲ್ಲ. ಮೂರು ವಾರ ಹಿಂದೆ ತಪ್ಪು ತಿಳ್ಕೊಂಡಿದ್ದು ನನಗೆ ಗೊತ್ತಾಗೋದು ಮೂರು ವಾರ ಆದ್ಮೇಲೆ. ಅಷ್ಟರಲ್ಲಿ ಆ ತಪ್ಪು ಮಗುವಿನ ತಲೇಲಿ ಬೇರೂರಿರುತ್ತೆ.

ಬೋರ್ಡು ಮಾಡೋದು ಇಷ್ಟೇ, ಆ ಮೂರು ವಾರಾನ ಮೂವತ್ತು ಸೆಕೆಂಡಿಗೆ ಇಳಿಸುತ್ತೆ. ಹೇಗೆ ಅಂತ ಹೇಳೋಕೆ ಒಂದು ದಿನದ ಕಥೆ ಹೇಳ್ಬೇಕು.

ಅವತ್ತು ಮೊದಲ ಪೀರಿಯಡ್ಡು ಆರನೇ ಕ್ಲಾಸು. ಹಾಜರಿ ಮುಗಿಸಿ ದೊಡ್ಡ ಬೋರ್ಡ್ ಮೇಲೆ 8 + 4 = □ + 5 ಅಂತ ಬರ್ದೆ. ಇದು ನನ್ನ ಸ್ವಂತ ಪ್ರಶ್ನೆ ಅಲ್ಲ, ಗಣಿತ ಶಿಕ್ಷಣದಲ್ಲಿ ತುಂಬಾ ಹೆಸರಾದ ಲೆಕ್ಕ. ಅಮೆರಿಕದಲ್ಲಿ ಸಂಶೋಧಕರು ಇದನ್ನ ಆರನೇ ಕ್ಲಾಸಿನ 145 ಮಕ್ಕಳಿಗೆ ಕೊಟ್ಟಿದ್ರು, 1999ರಲ್ಲಿ ಅದರ ಬಗ್ಗೆ ಲೇಖನ ಬಂತು, ಒಂದು ಮಗೂನೂ ಸರಿ ಉತ್ತರ ಕೊಟ್ಟಿರಲಿಲ್ಲ. ಹೆಚ್ಚಿನವರು 12 ಅಂದ್ರು, ಉಳಿದೋರಲ್ಲಿ ಬಹಳ ಜನ 17 ಅಂದ್ರು. ಯಾಕಂದ್ರೆ ಒಂದನೇ ಕ್ಲಾಸಿಂದ ಮಕ್ಕಳು ಸಮ ಚಿಹ್ನೆ ನೋಡಿದಾಗೆಲ್ಲಾ ಅದರ ಪಕ್ಕ ಉತ್ತರ ಬರೀಬೇಕು ಅಂತಲೇ ಕಲ್ತಿರ್ತಾರೆ, ಎರಡೂ ಕಡೆ ಒಂದೇ ಬೆಲೆ ಇರ್ಬೇಕು ಅಂತ ಅಲ್ಲ. ಇದು ಇಲ್ಲಿ ಸರಿ ಆಗ್ಲಿಲ್ಲ ಅಂದ್ರೆ ಏಳನೇ ಕ್ಲಾಸಿನ ಬೀಜಗಣಿತದಲ್ಲಿ ಮಕ್ಕಳು ಒದ್ದಾಡ್ತಾರೆ.

"ಬರೀರಿ, ಯಾರೂ ಮಾತಾಡ್ಬಾರ್ದು" ಅಂದೆ. ಪೆನ್ನಿನ ಕ್ಯಾಪುಗಳು ಟಪ್ ಟಪ್ ಅಂತ ಬಿಚ್ಕೊಂಡ್ವು, ಈಗೀಗ ಆ ಸದ್ದು ಕೇಳಿದ್ರೇನೇ ನನಗೆ ಹುಮ್ಮಸ್ಸು ಬರುತ್ತೆ. ಆಮೇಲೆ "ಒಂದು, ಎರಡು, ಮೂರು, ತೋರ್ಸಿ!" 38 ಕೈ ಮೇಲೆ. 12, 12, 12, 17, 12, ಒಂದು 7, ಮತ್ತೆ 12, 12. ಮೂಲೇಲಿ ಒಬ್ಬ ಹುಡುಗ 12 + 5 = 17 ಅಂತ ಪೂರ್ತಿ ಸಾಲೇ ಮುಂದುವರಿಸಿದ್ದ. ಮೂರನೇ ಬೆಂಚಿನ ಒಬ್ಬಳು ಹುಡುಗಿ ಬೋರ್ಡನ್ನ ಮುಖಕ್ಕೆ ಅಡ್ಡ ಹಿಡ್ಕೊಂಡಿದ್ಲು, 12 ಅಂತ ದಪ್ಪಗೆ ಬರ್ದಿದ್ಲು, ಆದ್ರೆ ಹತ್ರ ಹೋಗಿ ನೋಡಿದ್ರೆ ಅದರ ಕೆಳಗೆ ತೆಳ್ಳಗೆ, ಬೂದು ಬಣ್ಣದಲ್ಲಿ, ಅರ್ಧಂಬರ್ಧ ಒರೆಸಿದ ಒಂದು 7.

"ಯಾಕೆ ಪುಟ್ಟಾ ಅಳಿಸ್ದೆ?"

"ಎಲ್ರೂ 12 ಬರೀತಿದ್ರು ಮಿಸ್."

"ನಿಂಗೆ 7 ಯಾಕೆ ಅನ್ಸಿತ್ತು?"

ಸ್ವಲ್ಪ ಹೊತ್ತು ಸುಮ್ನಿದ್ದು, ಎರಡೂ ಕೈ ತಕ್ಕಡಿ ಥರ ಮಾಡಿ ತೋರಿಸಿದ್ಲು. "ಈ ಕಡೆ 12 ಇದೆಯಲ್ಲ ಮಿಸ್, ಆ ಕಡೆ ಆಗ್ಲೇ 5 ಇದೆ, ಇನ್ನ 7 ಇದ್ರೆ ಎರಡೂ ಸಮ."

ನಾನು ಬೇರೇನೂ ಪಾಠ ಮಾಡ್ಲಿಲ್ಲ, ಅವಳನ್ನ ಮುಂದೆ ಕರ್ದು ಅದನ್ನೇ ಇನ್ನೊಂದ್ಸಲ ಕೈಯಲ್ಲಿ ತೋರ್ಸು ಅಂದೆ. ಕೈ ಎತ್ತೋ ಪದ್ಧತಿಯಲ್ಲಿ ಆ ಮಗು ಆ ಮಾತನ್ನ ಯಾವತ್ತೂ ಹೇಳ್ತಿರಲಿಲ್ಲ, ಇಡೀ ವರ್ಷ ನನಗೆ ಅವಳು "ಸೈಲೆಂಟ್ ಹುಡುಗಿ" ಆಗಿಯೇ ಇರ್ತಿದ್ಲು. ಅವತ್ತಿಂದ ಕ್ಲಾಸಲ್ಲಿ ಒಂದು ನಿಯಮ ಬಂತು, ಬರೆದಾದ ಮೇಲೆ ಬೋರ್ಡನ್ನ ಎದೆಗೆ ಅವುಚಿಕೊಂಡು ಕೂರ್ಬೇಕು, ನಾನು ತೋರ್ಸಿ ಅನ್ನೋವರ್ಗೂ ಪಕ್ಕದೋರಿಗೂ ಕಾಣಬಾರ್ದು. ನೀವು ಬೋರ್ಡು ತಗೊಂಡ್ರೆ ಮೊದಲ ದಿನವೇ ಇದನ್ನ ಮಾಡಿ, ಇಲ್ದಿದ್ರೆ ಮುಂದಿನ ಬೆಂಚಿನ ಉತ್ತರ ಗಾಳಿ ಥರ ಹಿಂದಿನ ಬೆಂಚಿಗೆ ಹೋಗುತ್ತೆ.

ಒರೆಸಿದ ಮೇಲೂ ಕಲೆ ಉಳಿಯೋದು ಈ ಬೋರ್ಡಿನ ದೊಡ್ಡ ಕೊರತೆ, ಅವತ್ತು ನನಗೆ ಅದರಿಂದ ಲಾಭ ಆಯ್ತು ನಿಜ, ಆದ್ರೆ ಬಾಕಿ ದಿನಗಳಲ್ಲಿ ಅದು ಕಿರಿಕಿರಿನೇ. ಯಾಕೆ ಹಂಗಾಗುತ್ತೆ ಅಂದ್ರೆ, ಈ ಮಾರ್ಕರ್ ಇಂಕಿನಲ್ಲಿ ಬಣ್ಣದ ಪುಡಿ, ಆಲ್ಕೋಹಾಲ್ ಥರದ ದ್ರಾವಕ, ಜೊತೆಗೆ ಬಣ್ಣ ಮೇಲ್ಮೈಗೆ ಗಟ್ಟಿಯಾಗಿ ಅಂಟದ ಹಾಗೆ ನೋಡ್ಕೊಳ್ಳೋ ಎಣ್ಣೆಯಂಥ ಒಂದು ಪದಾರ್ಥ ಇರುತ್ತೆ. ದ್ರಾವಕ ಕ್ಷಣದಲ್ಲಿ ಆರಿ ಹೋಗುತ್ತೆ, ಬಣ್ಣ ಪೊರೆ ಥರ ಮೇಲೆ ಕೂತಿರುತ್ತೆ, ಒರೆಸಿದ್ರೆ ಬರುತ್ತೆ. ನುಣುಪು ಕಳ್ಕೊಂಡು ಸಣ್ಣ ಗೀರು ಬಿದ್ದ ಕಡೆ ಬಣ್ಣ ಒಳಗೆ ಸಿಕ್ಕೊಂಡು ಕೂರುತ್ತೆ. ಶುಕ್ರವಾರ ಬರ್ದು ಹಂಗೇ ಡಬ್ಬಿಗೆ ಹಾಕಿದ ಬೋರ್ಡು ಸೋಮವಾರ ಒಣ ಬಟ್ಟೇಲಿ ಬರಲ್ಲ. ಅದಕ್ಕೆ ಉಪಾಯ ಸುಲಭ, ಹಳೇ ಬರಹದ ಮೇಲೇನೇ ಅದೇ ಮಾರ್ಕರಿಂದ ಮತ್ತೆ ಬರ್ದು ತಕ್ಷಣ ಒರೆಸಿ, ಹೊಸ ದ್ರಾವಕ ಹಳೇ ಬಣ್ಣಾನ ಕರಗಿಸಿ ಎತ್ಕೊಂಡು ಬರುತ್ತೆ. ಒಂದ್ಸಲ ಒಬ್ಬ ಹುಡುಗ ಪರ್ಮನೆಂಟ್ ಮಾರ್ಕರಿಂದ ತನ್ನ ಹೆಸರು ಬರ್ದು ಕಣ್ಣಲ್ಲಿ ನೀರು ತುಂಬ್ಕೊಂಡು ನಿಂತಿದ್ದ, ಇದೇ ಉಪಾಯದಲ್ಲಿ ಪೂರ್ತಿ ಹೋಯ್ತು. ಆ ಹುಡುಗನೇ ಈಗ ಎಲ್ರ ಬೋರ್ಡಿನ ಕಲೆ ತೆಗೆಯೋನು, ಅದು ಅವನ ಇಲಾಖೆ.

ಸ್ಪಂಜುಗಳು ಎರಡು ತಿಂಗಳಿಗೆ ಕರ್ರಗಾಗಿ ಬಣ್ಣ ಒರೆಸೋ ಬದ್ಲು ಬಣ್ಣ ಬಳಿಯೋಕೆ ಶುರು ಮಾಡಿದ್ವು. ಎಲ್ರಿಗೂ ಮನೆಯಿಂದ ಒಂದು ಹಳೇ ಕಾಲುಚೀಲ ತರೋಕೆ ಹೇಳ್ದೆ, ತೊಳ್ದಿದ್ದು. ಕಾಲುಚೀಲದ ಒಳಗೆ ಪೆನ್ನು ಇಟ್ಟು ಗಂಟು ಹಾಕಿದ್ರೆ ಪೆನ್ನಿನ ಚೀಲ, ಬಿಚ್ಚಿ ಕೈಗೆ ಹಾಕ್ಕೊಂಡ್ರೆ ಡಸ್ಟರ್. ಕೊಳೆಯಾದ್ರೆ ಮನೆಗೆ ತಗೊಂಡೋಗಿ ಒಗೆದು ತರ್ತಾರೆ. ಅಂಗಡಿಯ ಯಾವ ಡಸ್ಟರೂ ಇದರ ಹತ್ರ ಬರಲ್ಲ.

ಇನ್ನು ಪೆನ್ನಿನ ವಿಷ್ಯ, ಇಲ್ಲೇ ನನಗೆ ನಿಜವಾದ ಬೇಜಾರಿರೋದು. ಸೆಟ್‌ನಲ್ಲಿ ಬಂದ ಪೆನ್ನಿನ ತುದಿ ತೀರಾ ಸಣ್ಣ. ಐದನೇ ಬೆಂಚಿಂದ ಎತ್ತಿ ತೋರಿಸಿದ್ರೆ ನಾನು ಕಣ್ಣು ಕಿರಿದು ಮಾಡಿ ನೋಡ್ಬೇಕು. ಮಕ್ಕಳು ಒತ್ತಿ ಬರೀತಾರೆ, ತುದಿ ಒಳಗೆ ಹೋಗ್ಬಿಡುತ್ತೆ, ಒಂದೂವರೆ ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೆನ್ನು ಕಸದ ಬುಟ್ಟಿಗೆ. ಆಮೇಲೆ ದುಂಡು ತುದಿಯ ಸ್ವಲ್ಪ ದಪ್ಪದ ಪೆನ್ನು ಬೇರೆ ತರಿಸ್ದೆ, ಎರಡು ಮಿಲಿಮೀಟರಿನಷ್ಟು ಗೆರೆ ಬರೋದು, ಲೆಕ್ಕಕ್ಕೆ ಅದೇ ಸರಿ. ಆದ್ರೆ ಕನ್ನಡ ಬರೆಯೋಕೆ ಇನ್ನೂ ದಪ್ಪದ ಪೆನ್ನು ತಗೋಬೇಡಿ, ನಮ್ಮ ಅಕ್ಷರಗಳ ಕಥೇನೇ ಬೇರೆ. ದಪ್ಪ ತುದಿಯಲ್ಲಿ ಬರ್ದ್ರೆ "ಥ" ಒಳಗಿನ ಚುಕ್ಕಿ ಮುಚ್ಚಿ ಹೋಗುತ್ತೆ, "ಧ" ಕೆಳಗಿನ ಸೀಳು ಕಾಣಲ್ಲ, ಎರಡೂ "ದ" ಥರಾನೇ ಕಾಣ್ತವೆ, ಕನ್ನಡ ಮೇಷ್ಟ್ರು ಒಂದಿನ ಬೋರ್ಡು ತಗೊಂಡೋಗಿ ಮಹಾಪ್ರಾಣದ ಪದಗಳನ್ನ ಬರೆಸಿ, ಮಗು ತಪ್ಪು ಬರ್ದಿದ್ಯೋ ಪೆನ್ನು ತಪ್ಪು ಬರ್ದಿದ್ಯೋ ಗೊತ್ತಾಗ್ದೆ ವಾಪಸ್ ತಂದುಕೊಟ್ರು. ಬೋರ್ಡು ಜಾರುತ್ತೆ ಬೇರೆ, ಒತ್ತಕ್ಷರ ಕೆಳಗೆ ಎಲ್ಲೋ ಹೋಗಿ ಕೂರುತ್ತೆ. ದೊಡ್ಡದಾಗಿ, ಒಂದು ಸಲಕ್ಕೆ ಒಂದೇ ಪದ ಬರೆಸಿದ್ರೆ ಮಾತ್ರ ಭಾಷೆಯ ಕ್ಲಾಸಿಗೆ ಆಗುತ್ತೆ.

ಪೆನ್ನುಗಳನ್ನ ಮಲಗಿಸಿ ಇಡಿ. ತುದಿ ಮೇಲೆ ಮಾಡಿ ಲೋಟದಲ್ಲಿ ನಿಲ್ಲಿಸಿದ್ರೆ ಬಣ್ಣ ಕೆಳಗೆ ಇಳಿದು ಪೆನ್ನು ಮಂಕಾಗುತ್ತೆ, ನಾವು ಇಂಕು ಮುಗೀತು ಅಂದ್ಕೊಂಡು ಬಿಸಾಕ್ತೀವಿ. ಎಡಗೈಯಲ್ಲಿ ಬರೆಯೋ ಮಕ್ಕಳಿಗೆ ಇನ್ನೊಂದು ತೊಂದ್ರೆ ಇದೆ, ಬರೀತಾ ಹೋದ ಹಾಗೆ ಅವರ ಅಂಗೈಯೇ ಹಿಂದೆ ಬರ್ದಿದ್ದನ್ನ ಒರೆಸ್ಕೊಂಡು ಬರುತ್ತೆ. ನನ್ನ ಕ್ಲಾಸಲ್ಲಿ ಮೂರು ಜನ ಇದಾರೆ. ಅವರಿಗೆ ಬೋರ್ಡನ್ನ ಬೆಂಚಿನ ಮೇಲೆ ಸ್ವಲ್ಪ ವಾಲಿಸಿ ಇಟ್ಕೊಂಡು, ಕೈ ಸಾಲಿನ ಕೆಳಗೆ ಬರೋ ಹಾಗೆ ಬರಿಯೋಕೆ ಹೇಳ್ಕೊಟ್ಟೆ, ಈಗ ಪರವಾಗಿಲ್ಲ.

ಮತ್ತೆ ಅವತ್ತಿನ ದಿನಕ್ಕೆ ಬರ್ತೀನಿ. ಎರಡನೇ ಪೀರಿಯಡ್ಡೂ ಅದೇ ಕ್ಲಾಸು, ದಶಮಾಂಶ. 0.5 ದೊಡ್ದಾ 0.35 ದೊಡ್ದಾ ಅಂತ ಕೇಳ್ದೆ. ಹತ್ತಿರ ಹತ್ತಿರ ಅರ್ಧ ಬೋರ್ಡುಗಳು 0.35 ಅಂದ್ವು. 35 ಅನ್ನೋದು 5ಕ್ಕಿಂತ ದೊಡ್ಡದು ಅಲ್ವಾ, ಅವರ ಲೆಕ್ಕ ಅವರಿಗೆ ಸರಿಯಾಗೇ ಇದೆ. ಬೋರ್ಡು ತಿರುಗ್ಸಿ ಅಂದೆ, ಚೌಕಳಿ ಕಡೆ ಹತ್ತಕ್ಕೆ ಹತ್ತರ ಚೌಕ ಎಳೆದು, ಅದೇ "ಒಂದು" ಅಂತ ಇಟ್ಕೊಳ್ಳಿ, ಈಗ 0.35 ಎಷ್ಟು ಮನೆ, ತುಂಬಿಸಿ. 35 ಮನೆ ತುಂಬಿಸಿದ್ರು. ಪಕ್ಕದಲ್ಲೇ ಇನ್ನೊಂದು ಚೌಕ, 0.5 ಅಂದ್ರೆ ಹತ್ತರಲ್ಲಿ ಐದು ಸಾಲು, 50 ಮನೆ. ಹಿಂದಿನ ಬೆಂಚಿಂದ ಒಬ್ಬ "ಅಯ್ಯೋ!" ಅಂತ ಎಷ್ಟು ಜೋರಾಗಿ ಕೂಗಿದ ಅಂದ್ರೆ ಪಕ್ಕದ ಕ್ಲಾಸಿನ ಟೀಚರ್ ಬಂದು ಇಣುಕಿ ಹೋದ್ರು. ಆ ಚೌಕಳಿ ಇರೋ ಬೋರ್ಡೇ ತಗೊಳ್ಳಿ, ಎರಡೂ ಕಡೆ ಖಾಲಿ ಇರೋದು ಸಿಕ್ಕಿದ್ರೂ ಬೇಡ. ಬರೀ ಬಿಳಿ ಬೋರ್ಡಲ್ಲಿ ಮಕ್ಕಳು ಆ ಚೌಕಗಳನ್ನ ಎಳೆಯೋಕೇ ಪೀರಿಯಡ್ ಮುಗಿಯುತ್ತೆ.

ಮಧ್ಯಾಹ್ನದ ಮೇಲೆ ಏಳನೇ ಕ್ಲಾಸಿಗೆ ವಿಜ್ಞಾನ. ಒಂದು ಬ್ಯಾಟರಿ ಸೆಲ್ಲು, ಒಂದು ಪುಟ್ಟ ಬಲ್ಬು, ಒಂದೇ ಒಂದು ವೈರು, ಬಲ್ಬು ಹತ್ತೋ ಹಾಗೆ ಚಿತ್ರ ಬರೀರಿ ಅಂದೆ. ಬಹಳಷ್ಟು ಚಿತ್ರಗಳಲ್ಲಿ ವೈರು ಸೆಲ್ಲಿನ ಒಂದು ತುದಿಯಿಂದ ಹೊರಟು ಬಲ್ಬಿನ ತಳಕ್ಕೆ ಮುಟ್ಟಿ ಅಲ್ಲಿಗೇ ನಿಂತಿತ್ತು, ನಲ್ಲಿಯಿಂದ ಪೈಪಲ್ಲಿ ನೀರು ಬಂದ ಹಾಗೆ ಕರೆಂಟು ಬಂದು ಬಲ್ಬಲ್ಲಿ ಮುಗಿದು ಹೋಗುತ್ತೆ ಅನ್ನೋದು ಅವರ ಯೋಚನೆ. ಇದು ಬಾಯಲ್ಲಿ ಕೇಳಿದ್ರೆ ಹೊರಗೆ ಬರಲ್ಲ, "ಮಂಡಲ ಪೂರ್ಣವಾಗಿರಬೇಕು" ಅಂತ ಪುಸ್ತಕದ ವಾಕ್ಯ ಎಲ್ರೂ ಒಪ್ಪಿಸ್ತಾರೆ. ಚಿತ್ರ ಬರೆಸಿದಾಗ್ಲೇ ಗೊತ್ತಾಗೋದು. ಬೇರೆ ಬೇರೆ ಥರದ ನಾಲ್ಕು ಬೋರ್ಡುಗಳನ್ನ ಆರಿಸಿ, ಯಾರದ್ದು ಅಂತ ಹೇಳ್ದೆ ಕಪ್ಪುಹಲಗೆಯ ಕೆಳಗಿನ ಅಂಚಿನ ಮೇಲೆ ಸಾಲಾಗಿ ನಿಲ್ಲಿಸ್ದೆ, ಯಾವುದು ಹತ್ತುತ್ತೆ ಅಂತ ಕೈ ಎತ್ತಿಸ್ದೆ, ಆಮೇಲೆ ಸೆಲ್ಲು ಬಲ್ಬು ಕೈಗೆ ಕೊಟ್ಟು ನೀವೇ ಮಾಡಿ ನೋಡಿ ಅಂತ ಬಿಟ್ಟೆ. ಬಲ್ಬಿನ ತಳದ ಚುಕ್ಕೆ ಸೆಲ್ಲಿನ ಒಂದು ತುದಿಗೆ ತಾಗಬೇಕು, ಬಲ್ಬಿನ ಪಕ್ಕದ ಲೋಹದ ಭಾಗದಿಂದ ವೈರು ಇನ್ನೊಂದು ತುದಿಗೆ ಹೋಗಬೇಕು. ಮೊದಲ ಬಲ್ಬು ಹತ್ತಿದಾಗ ಆದ ಗಲಾಟೆ ಇದ್ಯಲ್ಲ, ಅದನ್ನ ತಣಿಸೋಕೆ ನಾನು ಹೋಗ್ಲೇ ಇಲ್ಲ. ಆಮೇಲೆ ಎಲ್ರೂ ತಮ್ಮ ಚಿತ್ರವನ್ನ ತಾವೇ ಒರೆಸಿ ತಿದ್ದಿದ್ರು. ನೋಟ್‌ಬುಕ್ಕಲ್ಲಿ ಬರ್ದಿದ್ದನ್ನ ತಿದ್ದೋಕೆ ಮಕ್ಕಳಿಗೆ ಅವಮಾನ, ಪೇಜ್ ಗಲೀಜಾಗುತ್ತೆ ಅಂತ ಭಯ, ಕೆಲವರು ಹಾಳೆನೇ ಹರ್ದು ಹಾಕ್ತಾರೆ. ಬೋರ್ಡಲ್ಲಿ ತಪ್ಪು ಮಾಡೋಕೆ ಯಾರೂ ಹೆದರಲ್ಲ, ನನಗೆ ಈ ವರ್ಷ ಕಂಡ ಅತಿ ದೊಡ್ಡ ಬದಲಾವಣೆ ಇದೇ.

ಇದರ ಜೊತೆ ನಾನೂ ಒಂದು ಅಭ್ಯಾಸ ಕಲೀಬೇಕಾಯ್ತು, ಕಾಯೋದು. ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳನ್ನ ರೆಕಾರ್ಡ್ ಮಾಡಿ ಅಳೆದು ನೋಡಿದ್ರು, ಟೀಚರ್ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯೋದು ಸರಾಸರಿ ಒಂದು ಸೆಕೆಂಡಿನಷ್ಟೇ. ಅದನ್ನ 3 ಸೆಕೆಂಡು ಅಥವಾ ಇನ್ನೂ ಹೆಚ್ಚು ಮಾಡಿದಾಗ ಮಕ್ಕಳ ಉತ್ತರ ಉದ್ದವಾಯ್ತು, ಸುಮ್ಮನಿರೋ ಮಕ್ಕಳೂ ಮಾತಾಡಿದ್ರು. ಬರೀ ಬಾಯಿಮಾತಲ್ಲಿ 3 ಸೆಕೆಂಡು ಸುಮ್ಮನಿರೋದು ನಿಜಕ್ಕೂ ಕಷ್ಟ, ಕ್ಲಾಸಿನ ಮೌನ ನಮ್ಮನ್ನ ತಿನ್ನುತ್ತೆ. ಬೋರ್ಡಿದ್ರೆ ಎಲ್ರೂ ಬರೀತಿರ್ತಾರೆ, ಅರ್ಧ ನಿಮಿಷ ಆರಾಮಾಗಿ ಕಾಯಬಹುದು.

ದಿನದ ಕೊನೆಯ ಹತ್ತು ನಿಮಿಷ ಮತ್ತೆ ಬೋರ್ಡು. ನಿನ್ನೆಯ ಪಾಠದ ಎರಡು ಪ್ರಶ್ನೆ, ಹೋದ ವಾರದ ಎರಡು, ಪುಸ್ತಕ ಮುಚ್ಚಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷ ಆದ್ಮೇಲೆ ಕೇಳಿದ್ರೆ ಚೆನ್ನಾಗಿ ಹೇಳಿದ್ರು, ಆದ್ರೆ ಒಂದು ವಾರ ಆದ್ಮೇಲೆ ಕೇಳಿದಾಗ, ನೆನಪು ಮಾಡ್ಕೊಂಡು ಬರ್ದವರದ್ದೇ ಮೇಲುಗೈ. ನನ್ನ ಮಕ್ಕಳು ಚಿಕ್ಕೋರು, ಆದ್ರೂ ಹತ್ತು ನಿಮಿಷದ ಈ ಆಟ ಶುರು ಮಾಡಿದ್ಮೇಲೆ "ಮಿಸ್, ನಿನ್ನೆ ಏನ್ ಮಾಡಿದ್ವಿ" ಅನ್ನೋ ಪ್ರಶ್ನೆ ಕಮ್ಮಿಯಾಗಿದೆ.

ಬೋರ್ಡಿಗೆ ಆಗದ ಕೆಲಸಗಳೂ ಇವೆ. ಒರೆಸಿದ್ಮೇಲೆ ಏನೂ ಉಳಿಯಲ್ಲ, ಮನೇಲಿ "ಇವತ್ತು ಏನು ಬರ್ದೆ" ಅಂದ್ರೆ ತೋರ್ಸೋಕೆ ಇರಲ್ಲ, ಹಾಗಾಗಿ ತಿದ್ದಿದ ಕೊನೆಯ ಲೆಕ್ಕ ನೋಟ್‌ಬುಕ್ಕಿಗೆ ಹೋಗಲೇಬೇಕು. ನಾಲ್ಕೈದು ಹಂತದ ಉದ್ದ ಲೆಕ್ಕಕ್ಕೆ ಜಾಗ ಸಾಲಲ್ಲ. ಮೊದಲ ಎರಡು ವಾರ ಬರೀ ಚಿತ್ರ ಬಿಡಿಸ್ತಾರೆ, ಬೈಬೇಡಿ, ಪೀರಿಯಡ್ ಶುರುವಿಗೆ ಒಂದು ನಿಮಿಷ "ಏನ್ ಬೇಕಾದ್ರೂ ಬಿಡಿಸಿ" ಅಂತ ಕೊಟ್ಬಿಡಿ, ಆಸೆ ತೀರುತ್ತೆ. ಟ್ಯಾಬ್ಲೆಟ್ಟಲ್ಲಿ ಕ್ವಿಜ್ ಮಾಡಿಸೋದನ್ನೂ ನಾನು ನೋಡಿದೀನಿ, ಉತ್ತರಗಳ ಲೆಕ್ಕ ತಾನೇ ಇಟ್ಕೊಳ್ಳುತ್ತೆ, ಅದು ಒಳ್ಳೇದೇ, ಆದ್ರೆ ನಾಲ್ಕು ಆಯ್ಕೆಯಲ್ಲಿ ಒಂದನ್ನ ಒತ್ತೋ ಮಗು ಆ ಬಲ್ಬಿನ ಚಿತ್ರಾನ ನನಗೆ ತೋರಿಸೋಕಾಗಲ್ಲ.

ದುಡ್ಡು ಹಾಕೋ ಮೊದಲು ಪರೀಕ್ಷೆ ಮಾಡಿ ನೋಡ್ಬೇಕು ಅನ್ನೋರಿಗೆ: ಕಾಗದ ಹಾಕಿಡೋ ಪಾರದರ್ಶಕ ಪ್ಲಾಸ್ಟಿಕ್ ಕವರ್ ಒಳಗೆ ಒಂದು ದಪ್ಪ ಬಿಳಿ ರಟ್ಟು ಹಾಕಿ, ಅದರ ಮೇಲೆ ಮಾರ್ಕರಲ್ಲಿ ಬರ್ದು ಒರೆಸಬಹುದು. ಒಳಗಿನ ಹಾಳೆ ಬದಲಾಯಿಸ್ಕೊಬಹುದು ಅನ್ನೋದೇ ಅದರ ಹೆಚ್ಚುಗಾರಿಕೆ, ಗ್ರಾಫ್ ಹಾಳೆ, ಸಂಖ್ಯಾರೇಖೆ, ಖಾಲಿ ನಕ್ಷೆ ಏನು ಬೇಕಾದ್ರೂ ಇಡಬಹುದು, ಬೋರ್ಡಲ್ಲಿ ಆ ಅನುಕೂಲ ಇಲ್ಲ. ಬೆಳಕು ಬಿದ್ರೆ ಹೊಳೆಯುತ್ತೆ, ದೂರದಿಂದ ಸರಿಯಾಗಿ ಕಾಣಲ್ಲ, ಕೆಲವು ತಿಂಗಳಲ್ಲಿ ಮಸುಕಾಗುತ್ತೆ. ಒಂದು ತಿಂಗಳು ಅದರಲ್ಲಿ ನಡೆಸಿ, ನಿಮ್ಮ ಕ್ಲಾಸಿಗೆ ಒಗ್ಗಿದ್ರೆ ಬೋರ್ಡು ತಗೊಳ್ಳಿ.

ನನ್ನ 30 ಬೋರ್ಡಲ್ಲಿ 27 ಈಗ್ಲೂ ಚೆನ್ನಾಗಿವೆ, ಎರಡು ಗೀರು ಬಿದ್ದು ಹೋಗಿವೆ, ಒಂದು ಅಂಚು ಕಿತ್ತಿದೆ. ಕ್ಲಾಸಲ್ಲಿ 38 ಮಕ್ಕಳು, ಮಿಕ್ಕ ಬೋರ್ಡುಗಳನ್ನ ಬಿಡಿಯಾಗಿ ತರಿಸಿದ್ದೆ, ಅವು ಸ್ವಲ್ಪ ತೆಳ್ಳಗಿವೆ, ಬಗ್ಗಿಸಿದ್ರೆ ಬಗ್ಗುತ್ತವೆ, ಮಕ್ಕಳಿಗೆ ಯಾಕೋ ಅವೇ ಇಷ್ಟ. ಮುಂದಿನ ವರ್ಷಕ್ಕೆ ಬಿಡಿ ಬೋರ್ಡು ಹತ್ತು, ಕಪ್ಪು ಬಣ್ಣದ ದುಂಡು ತುದಿ ಮಾರ್ಕರು ಮೂರು ಡಜನ್ ಬರ್ದಿಟ್ಟಿದೀನಿ. ಕೆಂಪು ನಮ್ಮ ಬೋರ್ಡುಗಳ ಮೇಲೆ ಸರಿಯಾಗಿ ಹೋಗಲ್ಲ, ಅದು ಬೇಡ. ಸ್ಪಂಜು ಬೇಡವೇ ಬೇಡ.